ಏನ್ ವಾಸನಿ ಬರ್ಲತ್ತದ?

ಪಂಢರಪುರಕ್ಕೆ ಹೋಗಿ ಬರ್ತೀವಿ ಅಂತ ಮನೆಯಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಫೆಬ್ರುವರಿ ಕೊನೆಯ ಒಂದು ಶನಿವಾರ ನಸುಕಿನಲ್ಲೇ ಕಲಬುರಗಿ ಬಿಟ್ಟೆವು. ಆಳಂದ, ಅಕ್ಕಲಕೋಟೆ, ಸೊಲ್ಲಾಪುರ ದಾಟಿ ಹನ್ನೊಂದರ ಹೊತ್ತಿಗೆ ಪಂಢರಪುರದಲ್ಲಿ ಸಾಲಿನಲ್ಲಿ ನಿಂತಿದ್ದೆವು. ವಿಠೋಬನ ಮುಖದರ್ಶನ ಆಯ್ತು. ಅಮ್ಮ ಹೇಳಿ ಕಳಿಸಿದ್ದ ಬುಕ್ಕಿಟ್ಟು, ಚುರುಮುರಿ ಪ್ರಸಾದ, ತುಳಸಿ ಮಾಲೆ ಎಲ್ಲ ತಗೊಂಡೆವು. ಹೇಳದೆ ಬಿಟ್ಟದ್ದು ಒಂದೇ. ಗಾಡಿ ಅಲ್ಲಿಂದ ವಾಪಸ್ ತಿರುಗಲಿಲ್ಲ. ಇನ್ನೂ ಐವತ್ತು ಕಿಲೋಮೀಟರ್‌ನಷ್ಟು ಮುಂದೆ, ಅಕ್ಲೂಜ್ ಕಡೆ ಹೋಯ್ತು. ಅಲ್ಲಿ ವೈನ್ ಮಾಡ್ತಾರೆ.

ನಾವು ನಾಲ್ಕು ಜನ. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಈ ಇಡೀ ಪ್ಲಾನಿನ ಮಾಲೀಕ. ಬ್ಯಾಂಕಿನ ಗೆಳೆಯ, ಊಟ ಎಲ್ಲಿ ಚೆನ್ನಾಗಿರುತ್ತೋ ಅಲ್ಲಿಗೆ ಕರೆಯದಿದ್ದರೂ ಬರುವವನು. ಮತ್ತೊಬ್ಬನದು ದರ್ಗಾ ಹತ್ತಿರ ಅತ್ತರಿನ ಅಂಗಡಿ, ತಾತನ ಕಾಲದಿಂದ ಅದೇ ಕಸುಬು. ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿಲ್ಲ, ಹಾಗಾಗಿ ಸ್ಟೇರಿಂಗ್ ಅವನ ಕೈಗೆ. "ನೀವು ಕುಡೀರಿ, ನಾ ಸುಮ್ನೆ ನೋಡ್ತೀನಿ" ಅಂತ ಬಂದವನು. ಕೊನೆಗೆ ವೈನ್ ಬಗ್ಗೆ ಕೇಳುವಂಥ ಮಾತು ಆಡಿದವನು ಅವನೊಬ್ಬನೇ.

ನಮ್ಮೂರಲ್ಲಿ ವೈನ್‌ನ ಕಥೆ ನಿಮಗೆ ಗೊತ್ತಲ್ವಾ. ಬೋರ್ಡಿನ ಮೇಲೆ ದೊಡ್ಡದಾಗಿ 'ವೈನ್ಸ್' ಅಂತ ಇರುತ್ತೆ, ಒಳಗೆ ವೈನ್ ಒಂದು ಬಿಟ್ಟು ಉಳಿದದ್ದೆಲ್ಲ ಸಿಗುತ್ತೆ. ಒಮ್ಮೆ ಹಟಕ್ಕೆ ಬಿದ್ದು ಒಂದು ಅಂಗಡಿಯಲ್ಲಿ ಕೇಳಿದ್ದೆ. ಕೌಂಟರಿನವನು ಜಾಲರಿಯ ಆಚೆಯಿಂದ ನನ್ನ ಮುಖ ನೋಡಿ, "ಮನ್ಯಾಗ ಯಾರಿಗರ ಆರಾಮಿಲ್ಲೇನ್ರಿ?" ಅಂದ. ರಕ್ತ ಹೆಚ್ಚಾಗುತ್ತೆ ಅಂತ ಬಾಣಂತಿಯರಿಗೆ ಒಯ್ತಾರಂತೆ. ಸ್ಟೂಲ್ ಹತ್ತಿ, ಮೇಲಿನ ಕಪಾಟಿನಿಂದ ಧೂಳು ಹಿಡಿದ ಬಾಟಲಿ ಇಳಿಸಿ, ತನ್ನ ಅಂಗಿಗೆ ಒರೆಸಿ ಕೊಟ್ಟ. ಮೇ ತಿಂಗಳು, ಹೊರಗೆ 43 ಡಿಗ್ರಿ. ಆ ಬಾಟಲಿ ಎಷ್ಟು ಬೇಸಿಗೆ ಕಂಡಿತ್ತೋ. ಮನೆಗೆ ತಂದು ತೆಗೆದರೆ ಉಪ್ಪಿನಕಾಯಿಗೆ ಹಾಕಬಹುದಾದಷ್ಟು ಹುಳಿ. ವೈನ್ ಅಂದರೆ ಇಷ್ಟೇ ಅಂತ ನಾನು ಅವತ್ತೇ ಕಡತ ಮುಚ್ಚಿದ್ದೆ.

ಮಲಗದ ಬಳ್ಳಿ

ಅಕ್ಲೂಜ್ ಸೊಲ್ಲಾಪುರ ಜಿಲ್ಲೆಯ ಊರು. ದಾರಿಯುದ್ದಕ್ಕೂ ಕಬ್ಬು, ಕಬ್ಬು, ಮತ್ತೆ ಕಬ್ಬು. ಟ್ರ್ಯಾಕ್ಟರುಗಳ ಹಿಂದೆ ಹೋಗಿ ಹೋಗಿ ಸಾಕಾದ ಮೇಲೆ ಮೋಟೆವಾಡಿ ಹತ್ತಿರ ನೆಲ ಇದ್ದಕ್ಕಿದ್ದಂತೆ ಕಲ್ಲಾಗುತ್ತದೆ, ದಿಬ್ಬದ ಮೇಲೆ ಬಳ್ಳಿಯ ಸಾಲು ಶುರುವಾಗುತ್ತವೆ. ಫ್ರಟೆಲ್ಲಿ ಕಂಪನಿಯ ತೋಟ. ಇಟಾಲಿಯನ್ ಭಾಷೆಯಲ್ಲಿ ಹಾಗಂದರೆ ಅಣ್ಣತಮ್ಮಂದಿರು. ಇಟಲಿಯ ಒಂದು ಜೋಡಿ, ದಿಲ್ಲಿಯ ಒಂದು ಜೋಡಿ, ಅಕ್ಲೂಜಿನ ಒಂದು ಜೋಡಿ ಅಣ್ಣತಮ್ಮಂದಿರು ಸೇರಿ 2007ರಲ್ಲಿ ಶುರು ಮಾಡಿದ್ದು. ವೈನ್ ಮಾಡಿ ತೋರಿಸಲು ಟಸ್ಕನಿಯಿಂದ ಪಿಯೆರೊ ಮಾಸಿ ಅನ್ನುವ ಉಸ್ತಾದ್ ಬಂದರು, ಅವರ ಊರಿನ ಸಾಂಜೊವೇಸೆ ದ್ರಾಕ್ಷಿಯೂ ಬಂತು. ನಾಲ್ಕು ಗೇಣು ಹೊಲಕ್ಕೆ ಅಣ್ಣತಮ್ಮ ಕೋರ್ಟು ಹತ್ತುವ ನಾಡಿನಿಂದ ಹೋದ ನಮಗೆ ಈ ಆರು ಜನರ ಕಥೆಯೇ ಮೊದಲ ಅಚ್ಚರಿ.

ತೋಟ ತೋರಿಸಿದ ಹುಡುಗಿ ಮರಾಠಿ, ಹಿಂದಿ ಬೆರೆಸಿ ಮಾತಾಡುತ್ತಿದ್ದಳು. ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತೆ, ಇಲ್ಲಿ ಅದಕ್ಕೆ ಮಲಗುವಷ್ಟು ಚಳಿಯೇ ಇಲ್ಲ, ಸುಮ್ನೆ ಬಿಟ್ಟರೆ ಬೆಳೆಯುತ್ತಲೇ ಇರುತ್ತೆ ಅಂದಳು. ಅದಕ್ಕೇ ಎರಡು ಸಲ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು. ಈ ಮಾತು ನಮ್ಮ ವಿಜಯಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್ ಚಾಟ್ನಿ ಕಡ್ಡಿಗೆ, ಮಳೆಗಾಲ ಮುಗಿದ ಮೇಲಿನ ಚಾಟ್ನಿ ಹಣ್ಣಿಗೆ. ಯುರೋಪಿನಲ್ಲಿ ಕೊಯ್ಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಇಲ್ಲಿ ಜನವರಿಯಿಂದ ಮಾರ್ಚ್‌ವರೆಗೆ. ನಾವು ಹೋದಾಗ ಕೊಯ್ಲು ನಡೆದೇ ಇತ್ತು. ಒಂದು ಗೊಂಚಲಿನಿಂದ ನಾಲ್ಕು ಹಣ್ಣು ಕಿತ್ತು ಕೈಗೆ ಹಾಕಿದಳು. ಕರಿ ಬಣ್ಣ, ಗಾತ್ರ ಬಾರಿಹಣ್ಣಿಗಿಂತ ಚಿಕ್ಕದು, ದಪ್ಪ ಸಿಪ್ಪೆ, ಒಳಗೆ ಬೀಜ. ತಿನ್ನಲು ಸಿಗುವುದೇ ಇಷ್ಟೇ ಇಷ್ಟು, ಆದರೆ ಸಿಹಿ ಅಂದರೆ ಹಲ್ಲು ಜುಮ್ಮೆನ್ನುವ ಸಿಹಿ. ಹಿಂಡಿದರೆ ರಸ ಬಿಳಿ. ಕೆಂಪು ವೈನಿನ ಕೆಂಪೆಲ್ಲ ಸಿಪ್ಪೆಯದು.

"ನೀರು ಕಮ್ಮಿ ಕೊಡ್ತೀವಿ" ಅಂದಳು. "ಜಾಸ್ತಿ ಕೊಟ್ಟರೆ ಹಣ್ಣು ದಪ್ಪ ಆಗುತ್ತೆ, ರುಚಿ ತೆಳ್ಳಗಾಗುತ್ತೆ."

ಈ ಮಾತು ನಾನು ಎಲ್ಲೋ ಕೇಳಿದ್ದೆ. ಎಲ್ಲಿ ಅಂತ ಆಗ ಹೊಳೆಯಲಿಲ್ಲ.

ಹೊಳೆದದ್ದು ಟ್ಯಾಂಕುಗಳಿದ್ದ ಹಾಲ್‌ಗೆ ಕಾಲಿಟ್ಟಾಗ. ಮನೆಯೆತ್ತರದ ಸ್ಟೀಲ್ ಟ್ಯಾಂಕು, ನೆಲ ಒದ್ದೆ, ಎಲ್ಲ ಆಸ್ಪತ್ರೆಯಷ್ಟು ಸ್ವಚ್ಛ. ಆದರೆ ಒಳಗೆ ರಸ ಕುದಿಯುತ್ತಿತ್ತು. ಬೆಂಕಿಯ ಕುದಿ ಅಲ್ಲ, ಯೀಸ್ಟಿನದು. ಸಕ್ಕರೆ ತಿಂದು ಒಂದು ಕಡೆ ಆಲ್ಕೋಹಾಲ್, ಇನ್ನೊಂದು ಕಡೆ ಗಾಳಿ ಬಿಡುವ ಕುದಿ. ಹುಳಿಹುಳಿ, ಸಿಹಿಸಿಹಿ, ಸ್ವಲ್ಪ ರೊಟ್ಟಿ ಹಿಟ್ಟಿನಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲಿ ಇರಲಿಲ್ಲ. ಸೇಡಂ ಕಡೆಯ ಅಜ್ಜನ ಊರಿನ ಹಳ್ಳದ ದಂಡೆಯಲ್ಲಿ ನಿಂತಿದ್ದೆ.

ಐದು ಗ್ಲಾಸು, ಒಂದು ಪ್ರಶ್ನೆ

ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನನ್ನನ್ನು ಇವತ್ತಿಗೂ ಕಾಡುವ ಪ್ರಶ್ನೆ.

ಉದ್ದ ಮೇಜು. ಕುಡಿಯುವ ಒಬ್ಬೊಬ್ಬರ ಮುಂದೆ ಐದು ಗ್ಲಾಸು. ಪ್ರತಿಯೊಂದರ ತಳದಲ್ಲಿ ಎರಡು ಗುಟುಕಿನಷ್ಟು. ಪಕ್ಕದಲ್ಲಿ ಒಂದು ಪಾತ್ರೆ. ಇದು ಯಾಕೆ ಅಂದರೆ, ಬಾಯಲ್ಲಿಟ್ಟುಕೊಂಡು ರುಚಿ ನೋಡಿ ಅದರಲ್ಲಿ ಉಗುಳಬಹುದು ಅಂದಳು. ಬ್ಯಾಂಕಿನ ಗೆಳೆಯ ನನ್ನ ಕಿವಿಯಲ್ಲಿ, "ರೊಕ್ಕ ಕೊಟ್ಟು ಉಗುಳೂದಾ?" ಅಂದ. ಆ ಪಾತ್ರೆ ಕೊನೆಯವರೆಗೂ ಒಣಗೇ ಇತ್ತು.

ಗ್ಲಾಸಿನ ಕಾಲು ಹಿಡಿದು ತಿರುಗಿಸಿ, ಮೂಗು ಒಳಗಿಡಿ ಅಂದಳು. ಮೊದಲನೆಯದು ಬಿಳಿ, ಸೊವಿನ್ಯೋ ಬ್ಲಾಂಕ್. ಎಲ್ಲರೂ ಮೂಗಿಟ್ಟೆವು. "ಕ್ಯಾ ಸುಗಂಧ್ ಆ ರಹೀ ಹೈ?"

ಏನು ವಾಸನೆ ಬರ್ತಿದೆ?

ಮೌನ. ಬ್ಯಾಂಕಿನವನು "ವೈನಿಂದು" ಅಂದ. ಪುಣೆಯವನು ಗಂಟಲು ಸರಿಮಾಡಿಕೊಂಡು "ಗೂಸ್‌ಬೆರಿ, ಪ್ಯಾಶನ್ ಫ್ರೂಟ್" ಅಂದ. ಗೂಸ್‌ಬೆರಿಯನ್ನು ಅವನು ಜನ್ಮದಲ್ಲಿ ತಿಂದಿಲ್ಲ. ಅವನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು ನಾನು, ನನಗೆ ಗೊತ್ತಿಲ್ವಾ? ನನ್ನ ಸರದಿ ಬಂತು. ಏನೋ ಬರ್ತಿತ್ತು. ಖಂಡಿತ ಬರ್ತಿತ್ತು. ಗೊತ್ತಿರುವ ವಾಸನೆಯೇ. ಆದರೆ ಹೆಸರು ಬಾಯಿಗೆ ಬರಲಿಲ್ಲ. ಪರೀಕ್ಷೆಯಲ್ಲಿ ಉತ್ತರ ಬಾರದ ಹುಡುಗನ ಹಾಗೆ "ಚೆನ್ನಾಗಿದೆ" ಅಂದೆ.

ಆಗ ಅತ್ತರಿನವನು ನನ್ನ ಗ್ಲಾಸು ಈಸಿಕೊಂಡ. ಅವನ ಮುಂದೆ ನೀರಿನ ಗ್ಲಾಸು ಮಾತ್ರ ಇತ್ತು. ನಮ್ಮ ಹಾಗೆ ಮೂಗು ತುರುಕಲಿಲ್ಲ. ಗ್ಲಾಸನ್ನು ಎದೆಯ ಹತ್ತಿರ ಹಿಡಿದು, ಅಂಗೈಯಿಂದ ಗಾಳಿಯನ್ನು ಮುಖದ ಕಡೆ ಎಳೆದುಕೊಂಡ. ಕಣ್ಣು ಮುಚ್ಚಿದ. ಅಂಗಡಿಯಲ್ಲಿ ಗಿರಾಕಿ ತಂದ ಶೀಷೆ ಪರೀಕ್ಷೆ ಮಾಡುವಾಗ ಅವನು ಹೀಗೇ ಮಾಡುತ್ತಾನೆ. "ಮೊದಲು ಡೊಣ್ಣ ಮೆಣಸಿನಕಾಯಿ ಹೆಚ್ಚಿದಂಗ ಅದ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಹಿಂದ ಮಿಟ್ಟಿ ಅದ ನೋಡು. ಕಚ್ಚಾ ಮಿಟ್ಟಿ."

ಹುಡುಗಿ ನಮ್ಮನ್ನು ಬಿಟ್ಟು ಅವನ ಕಡೆ ತಿರುಗಿದಳು. ಡೊಣ್ಣ ಮೆಣಸಿನಕಾಯಿಯ ವಾಸನೆಗೆ ಕಾರಣವಾದ ಪೈರಜೀನ್ ಅನ್ನುವ ವಸ್ತುವೇ ಈ ದ್ರಾಕ್ಷಿಯಲ್ಲೂ ಇದೆಯಂತೆ. ಆಮೇಲೆ ಶಿರಾಜ್ ಅನ್ನುವ ಕೆಂಪು ವೈನ್ ಬಂದಾಗ ಅವನು "ಕಾಳುಮೆಣಸು" ಅಂದ, ಅದೂ ಸರಿ. ಮೆಣಸಿನಲ್ಲಿರುವ ರೊಟಂಡೋನ್ ಶಿರಾಜ್‌ನ ಸಿಪ್ಪೆಯಲ್ಲೂ ಇರುತ್ತೆ. ಅಂದರೆ ವೈನಿನವರು ಹೇಳುವುದೆಲ್ಲ ಬುರುಡೆ ಅಲ್ಲ. ನಾನು ಇಷ್ಟು ದಿನ ಬುರುಡೆ ಅಂತಲೇ ನಗುತ್ತಿದ್ದೆ.

ಆದರೆ ನನ್ನನ್ನು ಹಿಡಿದದ್ದು ಆ ಮಿಟ್ಟಿ. ಕನ್ನೌಜಿನಲ್ಲಿ ಸುಟ್ಟ ಮಣ್ಣನ್ನು ಭಟ್ಟಿ ಇಳಿಸಿ, ಅದರ ವಾಸನೆಯನ್ನು ಗಂಧದೆಣ್ಣೆಗೆ ಹಿಡಿಸಿ ಮಿಟ್ಟಿ ಅತ್ತರ್ ಮಾಡ್ತಾರೆ. ಅವನ ಅಂಗಡಿಯಲ್ಲಿ ಎಷ್ಟೋ ಸಲ ಮುಂಗೈಗೆ ಹಚ್ಚಿಸಿಕೊಂಡಿದ್ದೇನೆ. ಅವನು ಆ ಹೆಸರು ಹೇಳಿದ ಮೇಲೆ ಮತ್ತೆ ಮೂಗಿಟ್ಟೆ. ಈಗ ಗೊತ್ತಾಯ್ತು. ಇದು ನಮ್ಮ ಮನೆಯ ಅಂಗಳ. ಏಪ್ರಿಲ್ ಸಂಜೆ, ಇಡೀ ದಿನ ಕಾದ ಶಹಾಬಾದ್ ಫರಶಿಗೆ ಅಮ್ಮ ಚೊಂಬಿನಿಂದ ನೀರು ಚಿಮುಕಿಸಿದಾಗ ಮೊದಲ ಕ್ಷಣ ಬರುತ್ತಲ್ಲ, ಆ ವಾಸನೆ. ನಲವತ್ತು ವರ್ಷ ಆ ಫರಶಿಯ ಮೇಲೆ ಮಲಗಿ ಎದ್ದವನು ನಾನು. ಕೇಳಿದಾಗ ಬಾಯಿ ಬರಲಿಲ್ಲ. ಇದನ್ನು ಹೇಳಬಹುದು ಅನ್ನುವುದೇ ತಲೆಗೆ ಬಂದಿರಲಿಲ್ಲ. ಅಂಥ ಮೇಜಿನ ಮೇಲೆ ಅಂಗಳದ ಫರಶಿಯ ಮಾತು ಆಡ್ತಾರಾ?

ಅಜ್ಜನ ಮಗ್ಗು

ಎಳ್ಳಮಾಸಿಗೆ ನಾವು ತಪ್ಪದೆ ಅಜ್ಜನ ಊರಿಗೆ ಹೋಗುತ್ತಿದ್ದೆವು. ಅಮ್ಮನ ಅಪ್ಪ. ಹೊಲದಲ್ಲಿ ಚರಗ ಚೆಲ್ಲುವುದು, ಸಜ್ಜಿ ಕಡಬು, ಭಜ್ಜಿ ಪಲ್ಯ, ಅಂಬಲಿ. ಮರುದಿನ ನಸುಕಿನಲ್ಲಿ ಅಜ್ಜ ಮಫ್ಲರ್ ಸುತ್ತಿಕೊಂಡು ಹೊರಡುತ್ತಿದ್ದ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋದ. ನನಗೆ ಎಂಟೋ ಒಂಬತ್ತೋ ವರ್ಷ. ಆಗ ಸಿಂದಿ, ಅಂದರೆ ಈಚಲ ಹೆಂಡ, ಇನ್ನೂ ಬಂದ್ ಆಗಿರಲಿಲ್ಲ.

ಕಾಗಿಣಾಕ್ಕೆ ಸೇರುವ ಹಳ್ಳದ ಗುಂಟ ಸಾಲಾಗಿ ಈಚಲು ಗಿಡ. ನಮ್ಮಲ್ಲಿ ಸಿಂದಿ ಗಿಡ ಅಂತಲೇ ಅನ್ನುವುದು. ಈಚಲಿಗೆ ತೆಂಗು, ತಾಳೆಯ ಹಾಗೆ ಹೂವಿನ ಹೊಂಬಾಳೆ ಕೊಯ್ಯುವುದಿಲ್ಲ, ನೆತ್ತಿಯ ಕೆಳಗೆ ಕಾಂಡವನ್ನೇ ಕೆತ್ತಿ ಗಡಿಗೆ ಕಟ್ಟುತ್ತಾರೆ. ಈ ವರ್ಷ ಈ ಮಗ್ಗುಲು, ಮುಂದಿನ ವರ್ಷ ಆ ಮಗ್ಗುಲು. ಹಳೇ ಗಿಡಗಳ ಬೆನ್ನು ಅದಕ್ಕೇ ಹಾವಿನ ಹಾಗೆ ಅಂಕುಡೊಂಕು. ಗಾಯ ಎಣಿಸಿದರೆ ಎಷ್ಟು ವರ್ಷ ಸಿಂದಿ ಕೊಟ್ಟಿದೆ ಅಂತ ಗೊತ್ತಾಗುತ್ತೆ. ಸಿಂದಿ ಇಳಿಸುವ ಕಾಕಾ ಸೊಂಟದ ಹಗ್ಗದಲ್ಲಿ ಮೇಲಿದ್ದ. ಕೆಳಗಿಳಿದು ಅಲ್ಯೂಮಿನಿಯಂ ಮಗ್ಗಿಗೆ ಬಗ್ಗಿಸಿ ಅಜ್ಜನ ಕೈಗೆ ಕೊಟ್ಟ.

ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತೆ. ಅಜ್ಜ ಮಗ್ಗು ಸ್ವಲ್ಪ ಓರೆ ಮಾಡಿ ಬೆಳಕಿಗೆ ಹಿಡಿದ. ನೊರೆಯನ್ನು ಊದಿ ಪಕ್ಕಕ್ಕೆ ಸರಿಸಿದ. ಮೂಗಿನ ಹತ್ತಿರ ತಂದ. ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ನುಂಗದೆ, ಹಳ್ಳದ ಕಡೆ ನೋಡುತ್ತ ನಿಂತ. ಆಮೇಲೆ ಅಂದ, "ಇದು ದಂಡಿ ಗಿಡದ್ದು. ನೀರ್ ಜಾಸ್ತಿ ಕುಡದದ, ರುಚಿ ತೆಳ್ಳಗ ಅದ. ಕಲ್ಲ ಹೊಲದಾಗಿನ ಗಿಡದ್ದು ತಾ." ಕಾಕಾ ನಕ್ಕು ಬೇರೆ ಗಡಿಗೆ ತಂದ. ನನಗೂ ಅಂಗೈಗೆ ಒಂದಿಷ್ಟು ಬಿತ್ತು. ಸೂರ್ಯ ಇನ್ನೂ ಏರಿರಲಿಲ್ಲ, ಹುಳಿ ಹಿಡಿದಿರಲಿಲ್ಲ. ಬೆಲ್ಲದ ನೀರಿಗೆ ಮಣ್ಣಿನ ಗಡಿಗೆಯ, ಹೊಗೆಯ ವಾಸನೆ ಕೂಡಿಸಿದ ಹಾಗಿತ್ತು. ಗಡಿಗೆಗೆ ಸುಣ್ಣ ಬಳಿದಿದ್ದರೆ ನೀರಾ ಆಗಿ ಉಳಿಯುತ್ತೆ, ಇಲ್ಲದಿದ್ದರೆ ಬಿಸಿಲೇರುತ್ತಿದ್ದಂತೆ ತಾನೇ ಹುದುಗು ಬಂದು ಸಂಜೆಗೆ ಹುಳಿ ಸಿಂದಿ. ಬೆಳಗಿನದು, ಮಧ್ಯಾಹ್ನದ್ದು, ಸಂಜೆಯದು ಅಂತ ಅಜ್ಜ ವಾಸನೆಯಲ್ಲೇ ಹೇಳುತ್ತಿದ್ದ. ನೀರು ಬೆರೆಸಿದ್ದರೆ ಅದನ್ನೂ.

ಟಸ್ಕನಿಯ ಉಸ್ತಾದರೂ ಇದನ್ನೇ ಅಲ್ವಾ ಮಾಡುವುದು?

ಹಾಗಂತ ಅಜ್ಜನನ್ನು ಮಾಲೆ ಹಾಕಿ ಗೋಡೆಗೆ ಏರಿಸಲು ನಾನು ತಯಾರಿಲ್ಲ. ಅಜ್ಜಿ ಬದುಕಿದ್ದಾಗ ಒಮ್ಮೆ ಈ ಕಥೆ ಉತ್ಸಾಹದಿಂದ ಹೇಳಿದೆ. ಆಕೆ ಜೋಳ ಹಸನು ಮಾಡುತ್ತಿದ್ದವಳು ಮೊರದಿಂದ ಕಣ್ಣೆತ್ತಲಿಲ್ಲ. "ಸಿಂದಿ ತೆಳ್ಳಗಿತ್ತೋ ದಪ್ಪಗಿತ್ತೋ ನನಗೇನ್ ಗೊತ್ತಪಾ. ಮನಿಗಿ ಬರೂ ಹೊತ್ತಿಗಿ ಕಿಸೆ ಮಾತ್ರ ತೆಳ್ಳಗಿರ್ತಿತ್ತು." ಆಮೇಲಿನ ವರ್ಷಗಳಲ್ಲಿ ಗಿಡದ ಸಿಂದಿಯೂ ಉಳಿಯಲಿಲ್ಲ. ಕ್ಲೋರಲ್ ಹೈಡ್ರೇಟ್ ಅನ್ನುವ ನಿದ್ದೆ ಬರಿಸುವ ಪುಡಿಯನ್ನು ನೀರಿಗೆ ಕಲಸಿ ಸಿಂದಿ ಅಂತ ಮಾರುವ ದಂಧೆ ಬಂತು. ಅಂಥದ್ದಕ್ಕೆ ಬೆಳಗಿನದು ಯಾವುದು, ಸಂಜೆಯದು ಯಾವುದು? ಅಜ್ಜನ ಮೂಗಿಗೆ ಕೆಲಸವೇ ಇಲ್ಲದಾಯ್ತು. 2004ರ ಸುಮಾರಿಗೆ ಸರ್ಕಾರ ಸಿಂದಿ ನಿಲ್ಲಿಸಿತು. ಊರಿನ ಹೆಂಗಸರು ನಿಟ್ಟುಸಿರು ಬಿಟ್ಟರು. ಗಿಡ ಹತ್ತುತ್ತಿದ್ದ ಕಾಕಾ ಕಲ್ಲಿನ ಖಣಿಗೆ ಕೂಲಿಗೆ ಹೋದ. ಗಡಿ ಆಚೆ, ತೆಲಂಗಾಣದ ತಾಂಡೂರು ಕಡೆ ಸಿಂದಿ ಅಂಗಡಿಗಳು ಇದ್ದೇ ಇವೆ, ಬೇಕಾದವರು ಅಲ್ಲಿಗೆ ಹೋಗ್ತಾರೆ.

2007, ಮತ್ತು ಕಲ್ಯಾಣದ ಎರಡು ಬಟ್ಟಲು

ಸೊಲ್ಲಾಪುರದ ಲಾಡ್ಜಿನಲ್ಲಿ ರಾತ್ರಿ ನಿದ್ದೆ ಬರದೆ ಒಂದು ಲೆಕ್ಕ ಹಾಕಿದೆ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ನಮ್ಮ ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದದ್ದೂ ಅದೇ 2007ರಲ್ಲಿ. ಮಹಾರಾಷ್ಟ್ರದವರು 2001ರಲ್ಲೇ ಮಾಡಿದ್ದರು. ಒಂದೇ ವರ್ಷ, ಒಂದು ಕೈಯಿಂದ ಪ್ಯಾಕೆಟ್ ಕಸಿದುಕೊಂಡು ಇನ್ನೊಂದು ಕೈಯಿಂದ ಕಾಲಿರುವ ಗ್ಲಾಸಿಗೆ ಪ್ರೋತ್ಸಾಹ. ಸಾರಾಯಿಗೆ ನನ್ನ ಕಣ್ಣೀರಿಲ್ಲ, ಅದು ಎಷ್ಟು ಮನೆ ಮುರಿದಿದೆ ಅಂತ ನಮ್ಮ ಓಣಿಯಲ್ಲೇ ನೋಡಿದ್ದೇನೆ. ವೈನ್ ನೀತಿಯೂ ತಪ್ಪಲ್ಲ, ದ್ರಾಕ್ಷಿ ಬೆಳೆಗಾರನಿಗೆ ಇನ್ನೊಂದು ಗಿರಾಕಿ ಸಿಕ್ಕ. ಆದರೂ ಸಿಂದಿಯನ್ನು ಸಾರಾಯಿಯ ಪಕ್ಕದಲ್ಲೇ ಕೂರಿಸಿದ್ದು ಸರಿಯಾ? ಗಿಡದ ಸಿಂದಿಯಲ್ಲಿ ಆಲ್ಕೋಹಾಲ್ ಶೇಕಡಾ ನಾಲ್ಕೈದು, ನಾವು ಮೇಜಿನ ಮೇಲೆ ಸುತ್ತಿಸಿದ ವೈನಿನಲ್ಲಿ ಹನ್ನೆರಡು ಹದಿಮೂರು. ಅದನ್ನು ಕುಡಿದರೆ ಕುಡುಕ, ಇದನ್ನು ಕುಡಿದರೆ ಟೇಸ್ಟಿಂಗು.

ಇದು ಹೊಸ ಕಥೆಯೂ ಅಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣವನ್ನೇ ತಗೊಳ್ಳಿ. ಚಾಲುಕ್ಯರ ಮೂರನೇ ಸೋಮೇಶ್ವರ ಅಲ್ಲಿ ಕೂತು 1129ರ ಸುಮಾರಿಗೆ ಮಾನಸೋಲ್ಲಾಸ ಅನ್ನುವ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ರಾಜನ ಊಟ, ಬೇಟೆ, ಸಂಗೀತದ ಜೊತೆ ಮದಿರಾಪಾನವೂ ಒಂದು ವಿನೋದ, ಅದಕ್ಕೊಂದು ಕ್ರಮ. ಮೂವತ್ತು ನಲವತ್ತು ವರ್ಷ ಬಿಟ್ಟು ಅದೇ ಕಲ್ಯಾಣದಲ್ಲಿ ಒಬ್ಬ ಶರಣ ಹೆಂಡ ಮಾರುತ್ತಿದ್ದ. ಕಸುಬೇ ಹೆಸರಾಗಿ ಹೆಂಡದ ಮಾರಯ್ಯ. ತನ್ನ ಗಡಿಗೆಯನ್ನು, ಗಿರಾಕಿಯನ್ನು ಇಟ್ಟುಕೊಂಡೇ ವಚನ ಹೇಳಿದ. ರಾಜನ ಬಟ್ಟಲಿಗೆ ಸಂಸ್ಕೃತ ಸಿಕ್ಕಿತು. ಗಡಿಗೆಗೆ ಕನ್ನಡ ಸಿಕ್ಕದ್ದು ಕಲ್ಯಾಣದಲ್ಲಿ ಮಾತ್ರ ಅನ್ನಿಸುತ್ತೆ. ಆಮೇಲೆ ಗಡಿಗೆಯ ಬಗ್ಗೆ ಕನ್ನಡದಲ್ಲಿ ಜಾಸ್ತಿ ಬಂದದ್ದು ಬೈಗುಳ, ಇಲ್ಲವೇ ಅಬಕಾರಿ ಲೆಕ್ಕ. ಅಜ್ಜನಂಥವರು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ ಮಾತುಗಳು ಅವರ ಜೊತೆಗೇ ಹೋದವು. ನನ್ನ ಬಾಯಿ ಆ ಮೇಜಿನ ಮೇಲೆ ಕಟ್ಟಿದ್ದು ಅದಕ್ಕೇ ಇರಬಹುದು. ಅಥವಾ ನಾನೇ ದಡ್ಡ ಇರಬಹುದು. ಅತ್ತರಿನವನಿಗೆ ಬಂತಲ್ಲ.

ವಾಪಸ್

ಭಾನುವಾರ ಸೊಲ್ಲಾಪುರದಲ್ಲಿ ಎರಡು ಚಾದರ ಕೊಂಡು ಹೊರಟೆವು. ಬಾಟಲಿ ತರಲಿಲ್ಲ, ರಾಜ್ಯದ ಗಡಿ ದಾಟಿಸುವ ತಲೆನೋವು ಬೇಡ ಅಂತ. ಆಳಂದ ತಾಲ್ಲೂಕಿನಲ್ಲಿ ಬ್ಯಾಂಕಿನವನ ಸೋದರಮಾವನ ದ್ರಾಕ್ಷಿ ತೋಟ. ಊಟಕ್ಕೆ ನಿಲ್ಲಿಸಿದೆವು. ಅವರದು ತಿನ್ನುವ ದ್ರಾಕ್ಷಿ, ತೆಳು ಸಿಪ್ಪೆ, ಬೀಜ ಇಲ್ಲ. ಬೆಲೆ ಬಿದ್ದಿದ್ದಕ್ಕೆ ಈ ಸಲ ಎಲ್ಲ ಮಣೂಕಕ್ಕೇ, ಅಂದರೆ ಒಣದ್ರಾಕ್ಷಿಗೆ. ನೆರಳಿನ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಜಾಲಿ ಕಟ್ಟಿ, ಗೊಂಚಲನ್ನು ಡಿಪ್ಪಿಂಗ್ ಆಯಿಲ್‌ನಲ್ಲಿ ಅದ್ದಿ ಹರಡಿದ್ದರು. ಎರಡು ವಾರದಷ್ಟು ಒಣಗಬೇಕು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ನಾವು ವೈನ್ ನೋಡಿ ಬಂದೆವು ಅಂದಾಗ ಮಾವ ಅಚ್ಚರಿಪಡಲಿಲ್ಲ. ವೈನ್ ದ್ರಾಕ್ಷಿ ಹಚ್ಚಿದರೆ ಕಂಪನಿಯವರು ತಗೊಳ್ಳದ ವರ್ಷ ಸಂತೆಯಲ್ಲಿ ಮಾರಕ್ಕಾಗಲ್ಲ, ಒಣಗಿಸಕ್ಕಾಗಲ್ಲ, ಬರೀ ಬೀಜ, ಅಂದರು. ಅದಕ್ಕೆ ಉತ್ತರ ನಮ್ಮ ಹತ್ತಿರ ಇರಲಿಲ್ಲ. ಅತ್ತರಿನವನು ಶೆಡ್ಡಿನೊಳಗೆ ನಿಂತು ಗಾಳಿ ಎಳೆದುಕೊಳ್ಳುತ್ತಿದ್ದ. "ಜೇನು" ಅಂದ. "ಮತ್ತ ಸ್ವಲ್ಪ ಹಳೇ ಟ್ರಂಕು." ಈ ಸಲ ನಾನೂ ಬಿಡಲಿಲ್ಲ. "ಮದುವಿ ಸೀರಿ ಇಟ್ಟ ಟ್ರಂಕು" ಅಂದೆ. ಅವನು ತಲೆದೂಗಿದ.

ಮನೆಗೆ ಬಂದು ಪ್ರಸಾದ ಕೊಟ್ಟೆ. ಅಮ್ಮ ಬುಕ್ಕಿಟ್ಟನ್ನು ಹಣೆಗೆ ಹಚ್ಚಿಕೊಂಡಳು. ಎಲ್ಲ ಸುಸೂತ್ರ ಅಂದುಕೊಂಡೆ. ಮರುದಿನ ಬಟ್ಟೆ ನೆನೆಹಾಕುವಾಗ ಪ್ಯಾಂಟಿನ ಕಿಸೆಯಲ್ಲಿ ಬಿರಡೆ ಸಿಕ್ಕಿತು. ಕೊನೆಯ ಕೆಂಪು ವೈನಿನದು, ಸುಮ್ನೆ ನೆನಪಿಗೆ ಅಂತ ಇಟ್ಟುಕೊಂಡಿದ್ದೆ. ಒಂದು ತುದಿ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಅಮ್ಮ ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ಮೂಗಿನ ಹತ್ತಿರ ತಂದಳು. ತಿರುಗಿಸಿ ಇನ್ನೊಮ್ಮೆ ಮೂಸಿದಳು, ಈ ಸಲ ಸ್ವಲ್ಪ ಹೊತ್ತು.

"ಪಂಢರಪುರದಾಗ ಇದನ್ನೂ ಕೊಡ್ತಾರೇನು?"

ನಾನು ಮಾತಾಡಲಿಲ್ಲ. ಆಮೇಲೆ ತಡೆಯಲಾಗದೆ ಕೇಳೇಬಿಟ್ಟೆ, "ಏನ್ ವಾಸನಿ ಬರ್ಲತ್ತದ?"

"ನಿಂಗ ಬರಂಗಿಲ್ಲೇನು?" ಅಂದು ಒಳಗೆ ಹೋದಳು.

ಎರಡು ದಿನ ಬಿಟ್ಟು ನೋಡಿದರೆ ಬಿರಡೆ ಅಡುಗೆಮನೆಯಲ್ಲಿ, ಕುಸುಬಿ ಎಣ್ಣೆ ಬಾಟಲಿಯ ಬಾಯಲ್ಲಿ ಕೂತಿತ್ತು. ಹಳೇ ಮುಚ್ಚಳ ಸೋರುತ್ತಿತ್ತಂತೆ.